ಶಿಷ್ಯವಾತ್ಸಲ್ಯ: ಮುಂಬಯಿಯಲ್ಲಿ ಇಂಚಗೇರಿ ಪರಂಪರೆ

ಶಿಷ್ಯನ ಸಾಧನೆಯ ಹೊಣೆಯನ್ನು ಗುರು ಪೂರ್ತಿ ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ಶಿಷ್ಯನ ಮೇಲೆ ಮಾತ್ರ ಯಾವ ಹಕ್ಕನ್ನೂ ಇಟ್ಟುಕೊಳ್ಳುವುದಿಲ್ಲ. ಹಿಂದೂ ಅಧ್ಯಾತ್ಮ ಪರಂಪರೆಗಳು ಶಿಷ್ಯವಾತ್ಸಲ್ಯ ಎಂದು ಕೊಂಡಾಡುವುದು ಇದನ್ನೇ. ಹೇಳಲು ಸುಲಭವಾದ ಈ ಆದರ್ಶ ನಡೆದು ತೋರಿಸಿದವರಲ್ಲಿ ಹೇಗೆ ಕಾಣಿಸಿಕೊಂಡಿತು ಎಂದು ಹುಡುಕಿದರೆ ಮುಂಬಯಿಯಲ್ಲಿ ಸಿಗುವ ಸ್ಪಷ್ಟ ಉದಾಹರಣೆ ಇಂಚಗೇರಿ ಸಂಪ್ರದಾಯದ ಗುರುಗಳದು. ಅದರ ಬೇರು ವಿಜಯಪುರ ಜಿಲ್ಲೆಯ ಬಯಲುಸೀಮೆಯಲ್ಲಿದೆ, ಕೊಂಬೆಗಳು ಗಿರಗಾಂವದ ಗಲ್ಲಿಗಳಲ್ಲಿ ಹರಡಿವೆ. ಕನ್ನಡ, ಮರಾಠಿ ಎರಡನ್ನೂ ಆಡುವ ಗಡಿನಾಡಿನ ಈ ಪರಂಪರೆಯಿಂದ ಬಂದ ನಿಸರ್ಗದತ್ತ ಮಹಾರಾಜರ (1897–1981) ಹೆಸರು ಈಗ ಜಗತ್ತಿನ ಹಲವು ಭಾಷೆಗಳ ಓದುಗರಿಗೆ ಪರಿಚಿತ. ಅವರ ಪರಮಗುರುವಿನ ಮಠ ಇರುವುದು ಕರ್ನಾಟಕದಲ್ಲಿ ಎಂಬುದು ನಮ್ಮಲ್ಲೇ ಅನೇಕರಿಗೆ ಗೊತ್ತಿರುವುದಿಲ್ಲ.

ಗ್ರಂಥಗಳ ಹಿನ್ನೆಲೆ

ಗುರುವಿನ ಲಕ್ಷಣ ಹೇಳುವಾಗ ಮುಂಡಕೋಪನಿಷತ್ತು ಕೇಳುವುದು ಎರಡನ್ನೇ: ಶಾಸ್ತ್ರ ಬಲ್ಲವನಾಗಿರಬೇಕು, ಬ್ರಹ್ಮದಲ್ಲಿ ನೆಲೆ ನಿಂತವನಾಗಿರಬೇಕು. ಪ್ರೀತಿಯ ಮಾತು ಅಲ್ಲಿ ಬರುವುದಿಲ್ಲ. ಗುರುವಿನ ದಯೆಗೆ ಕಾರಣ ಇರಬಾರದು, ಅದು ಪ್ರತಿಫಲ ನಿರೀಕ್ಷಿಸಬಾರದು ಎಂಬ ಮಾತು ಬಲವಾಗಿ ಕೇಳಿಸುವುದು ಶಂಕರರ ಹೆಸರಿನಲ್ಲಿರುವ ವೇದಾಂತ ಪ್ರಕರಣಗಳಲ್ಲಿ. ಶಿಷ್ಯರ ಹಣದ ಮೇಲೆ ಕಣ್ಣಿಟ್ಟ ಗುರುಗಳ ಬಗೆಗಿನ ಎಚ್ಚರಿಕೆಯೂ ಹೊಸದೇನಲ್ಲ. ಕುಲಾರ್ಣವ ತಂತ್ರದ ಕಾಲಕ್ಕೇ ಅಂಥವರು ಸಾಕಷ್ಟು ಇದ್ದರು. ಸಮರ್ಥ ರಾಮದಾಸರ ‘ದಾಸಬೋಧ’ದ ಐದನೆಯ ದಶಕ ಗುರುಲಕ್ಷಣ, ಶಿಷ್ಯಲಕ್ಷಣಗಳನ್ನು ವಿವರವಾಗಿ ವಿಚಾರಿಸುತ್ತದೆ. ಇಂಚಗೇರಿ ಪರಂಪರೆ ನಿತ್ಯಪಾರಾಯಣಕ್ಕೆ ಆರಿಸಿಕೊಂಡ ಗ್ರಂಥವೂ ಅದೇ ಆದ್ದರಿಂದ ಇಲ್ಲಿನ ಗುರುಗಳನ್ನು ಅಳೆಯುವ ಕೋಲು ಶಿಷ್ಯರ ಕೈಯಲ್ಲೇ ಇತ್ತು.

ಕನ್ನಡದ ಓದುಗರಿಗೆ ಇನ್ನೊಂದು ಹಿನ್ನೆಲೆ ತಾನಾಗಿ ನೆನಪಾಗುತ್ತದೆ. ವೀರಶೈವರ ಅಷ್ಟಾವರಣಗಳಲ್ಲಿ ಮೊದಲನೆಯದು ಗುರು. ಆ ಗುರುವೂ ಕಾಯಕದಿಂದ ಬದುಕಬೇಕು ಎಂಬುದು ಶರಣರ ಪಟ್ಟು. ಇಂಚಗೇರಿ ಗುರುಗಳಲ್ಲಿ ಹೆಚ್ಚಿನವರು ಕಡೆಯವರೆಗೂ ಸಂಸಾರಿಗಳಾಗಿ, ದುಡಿದು ತಿಂದವರಾಗಿ ಉಳಿದದ್ದಕ್ಕೆ ಈ ನೆಲದ ಸಂಸ್ಕಾರವೂ ಒಂದು ಕಾರಣವಿರಬೇಕು.

ಉಮದಿಯಿಂದ ಇಂಚಗೇರಿಗೆ

ಪರಂಪರೆ ತನ್ನ ಮೂಲವನ್ನು ನವನಾಥರಲ್ಲಿ, ಅವರಲ್ಲೂ ರೇವಣನಾಥರಲ್ಲಿ ಕಾಣುತ್ತದೆ. ಇತಿಹಾಸಕ್ಕೆ ನಿಲುಕುವ ಕಥೆ ಕೊಲ್ಹಾಪುರದ ಬಳಿಯ ಕಣೇರಿಯಲ್ಲಿ, ಸಿದ್ಧಗಿರಿಯ ಕಾಡಸಿದ್ಧೇಶ್ವರ ಮಠದಲ್ಲಿ ಶುರುವಾಗುತ್ತದೆ. ಅಲ್ಲಿ ಉಪದೇಶ ಪಡೆದವರು ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು. ಬಟ್ಟೆಗೆ ಬಣ್ಣ ಹಾಕುವ ಕಸುಬಿನ ಲಿಂಗಾಯತ ಮನೆಯಲ್ಲಿ ಹುಟ್ಟಿದ ಅವರು 19ನೇ ಶತಮಾನದಲ್ಲಿ ತಮ್ಮೂರಿನವರಿಗೆ ಕನ್ನಡದಲ್ಲೇ ಬೋಧಿಸಿದರು. ಮನೆ ಬಿಡಬೇಡಿ, ದುಡಿಮೆ ಬಿಡಬೇಡಿ, ನಾಮ ಬಿಡಬೇಡಿ ಎಂಬುದು ಅವರ ಬೋಧೆಯ ಸಾರ.

ಅವರ ಶಿಷ್ಯ ಭಾವುಸಾಹೇಬ ಮಹಾರಾಜರು (1843–1914) ಇಂದಿನ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿಯವರು. ಮೂಲ ಹೆಸರು ವೆಂಕಟೇಶ ಖಂಡೇರಾವ್ ದೇಶಪಾಂಡೆ. ದೇಶಸ್ಥ ಬ್ರಾಹ್ಮಣರ ಹುಡುಗನೊಬ್ಬ ಬಣ್ಣಗಾರರ ಮನೆಯ ಲಿಂಗಾಯತ ಗುರುವಿನ ಕಾಲಿಗೆ ಬೀಳುವುದು ಆ ಕಾಲದ ಗಡಿನಾಡಿನ ಹಳ್ಳಿಯಲ್ಲಿ ಸಣ್ಣ ಮಾತಾಗಿರಲಿಲ್ಲ. ಜಾತಿಯ ಲೆಕ್ಕ ಗುರುಶಿಷ್ಯರ ನಡುವೆ ಬಾರದೆ ಇದ್ದದ್ದು ಈ ಪರಂಪರೆಯ ಬುನಾದಿಯಲ್ಲೇ ಸೇರಿದೆ. ಮುಂದೆ ಇದೇ ಇಂಚಗೇರಿ ಮಠದ ಮಾಧವಾನಂದ ಪ್ರಭೂಜಿ ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಿ, ಅಂತರ್ಜಾತಿ ವಿವಾಹಗಳನ್ನು ಮಾಡಿಸಲು ಟೊಂಕ ಕಟ್ಟಿದ್ದು ಆಕಸ್ಮಿಕ ಇರಲಾರದು.

ಭಾವುಸಾಹೇಬರು ಇಂಚಗೇರಿಯಲ್ಲಿ ಮಠ ಕಟ್ಟಿ, ನೇಮ, ಭಜನೆ, ದಾಸಬೋಧ ಪಾರಾಯಣ, ಸಪ್ತಾಹಗಳ ಶಿಸ್ತು ಹಾಕಿಕೊಟ್ಟರು. ನೇಮ ಎಂದರೆ ಗುರು ಕೊಟ್ಟ ನಾಮವನ್ನು ಹಿಡಿದು ಗಂಟೆಗಟ್ಟಲೆ ಕೂತು ಮಾಡುವ ಧ್ಯಾನ. ಅವರ ಹಿಂದೆ ಬಂದವರು ಒಬ್ಬರಂತೆ ಇನ್ನೊಬ್ಬರಿಲ್ಲ. ಜಿಗಜೇವಣಿಯ ಅಂಬುರಾವ್ ಮಹಾರಾಜರು, ಗಿರಿಮಲ್ಲೇಶ್ವರ ಮಹಾರಾಜರು ಹಳ್ಳಿಗಾಡಿನಲ್ಲಿ ಉಳಿದರು. ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆ (1886–1957) 1901ರಲ್ಲಿ, ಹದಿನೈದರ ವಯಸ್ಸಿನಲ್ಲಿ, ನಾಮ ಪಡೆದು ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು, ಕುಲಪತಿಯೂ ಆದರು. ಕಡೆಗೆ ನೆಲೆ ನಿಂತದ್ದು ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ. ಗುರುದೇವ ರಾನಡೆ ಎಂದು ಕನ್ನಡನಾಡು ನೆನೆಯುವುದು ಇವರನ್ನೇ. ಒಬ್ಬ ಗುರು ಹಳ್ಳಿಯ ರೈತನನ್ನೂ ಪ್ರಾಧ್ಯಾಪಕನನ್ನೂ ಅವರವರ ದಾರಿಗೆ ಬಿಟ್ಟು, ನೇಮ ತಪ್ಪದಂತೆ ಮಾತ್ರ ನೋಡಿಕೊಂಡದ್ದು ಇಲ್ಲಿ ಗಮನಿಸಬೇಕಾದ ಸಂಗತಿ.

ಸಿದ್ಧರಾಮೇಶ್ವರರು

ಮುಂಬಯಿಗೆ ಈ ಪರಂಪರೆಯನ್ನು ತಂದವರು ಸಿದ್ಧರಾಮೇಶ್ವರ ಮಹಾರಾಜರು (1888–1936). ಸೊಲ್ಲಾಪುರ ಜಿಲ್ಲೆಯ ಪಾಥ್ರಿಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ವಿಜಯಪುರಕ್ಕೆ ಬಂದು, ಮಾರವಾಡಿ ವ್ಯಾಪಾರದ ಮನೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದರು. 1906ರಲ್ಲಿ ಅಲ್ಲಿಯೇ ಭಾವುಸಾಹೇಬರಿಂದ ನಾಮ ಸಿಕ್ಕಿತು. ಗುರು ತೀರಿಕೊಂಡ ಕೆಲವು ವರ್ಷಗಳ ಮೇಲೆ, 1920ರ ಸುಮಾರಿಗೆ, ಅವರು ಗುರುಬಂಧುಗಳಿಗೆ ಸಿಟ್ಟು ಬರುವಂಥ ಮಾತೊಂದನ್ನು ಎತ್ತಿದರು: ಧ್ಯಾನವೇ ಕೊನೆಯಲ್ಲ, ಅದರಾಚೆ ಹೋಗಬೇಕು. ಇರುವೆ ತೆವಳುತ್ತ ಮರ ಹತ್ತಿ ಹಣ್ಣು ಮುಟ್ಟುವಂಥದ್ದು ಪಿಪೀಲಿಕಾ ಮಾರ್ಗ, ಹಕ್ಕಿ ಹಾರಿಬಂದು ಹಣ್ಣಿನ ಮೇಲೇ ಕೂರುವಂಥದ್ದು ವಿಹಂಗಮ ಮಾರ್ಗ. ವರಾಹೋಪನಿಷತ್ತಿನಷ್ಟು ಹಳೆಯ ಈ ಜೋಡಿಯನ್ನು ಅವರು ಹೊಸದಾಗಿ ಬಳಸಿ, ಕೇಳಿ ವಿಚಾರ ಮಾಡಿ ತಿಳಿಯುವ ವಿವೇಕದ ದಾರಿಯನ್ನು ಮುಂದಿಟ್ಟರು. ಗುರು ಕಲಿಸಿದ್ದು ಧ್ಯಾನ, ನೀನು ಹೇಳುವುದು ಬೇರೆ ಎಂದು ಗುರುಬಂಧುಗಳು ತಕರಾರು ತೆಗೆದರು.

ಈ ತಕರಾರು ಮುಖ್ಯವಾದದ್ದು. ಶಿಷ್ಯ ಗುರುವಿನ ಪದ್ಧತಿಯನ್ನು ದಾಟಿದರೆ ಅದು ದ್ರೋಹವೋ ಗುರುಸೇವೆಯೋ? ಸಿದ್ಧರಾಮೇಶ್ವರರು ಧ್ಯಾನವನ್ನು ಅಲ್ಲಗಳೆಯಲಿಲ್ಲ, ಗುರುವಿನ ಫೋಟೋ ಕೆಳಗಿಳಿಸಲಿಲ್ಲ, ನಾಮ ಕೊಡುವುದನ್ನೂ ನಿಲ್ಲಿಸಲಿಲ್ಲ. ಪದ್ಧತಿಯನ್ನು ಗುರುವಿನ ಆಸ್ತಿ ಎಂದು ಕಾಯುವ ಶಿಷ್ಯನಿಗಿಂತ, ಗುರು ತಲುಪಿಸಬೇಕೆಂದಿದ್ದ ಜಾಗಕ್ಕೆ ತಾನೂ ಹೋಗಿ ನಿಲ್ಲುವ ಶಿಷ್ಯ ಗುರುವಿಗೆ ಹತ್ತಿರದವನು ಎಂಬುದು ಅವರ ನಡೆಯಿಂದ ತಿಳಿಯುತ್ತದೆ. ಇದು ಲೇಖಕನ ಓದು. ನಿಂಬಾಳದ ನೇಮನಿಷ್ಠರು ಇದನ್ನು ಒಪ್ಪಬೇಕೆಂದಿಲ್ಲ.

ಮುಂಬಯಿಯಲ್ಲಿ ಅವರ ಸುತ್ತ ಸೇರಿದವರಲ್ಲಿ ಗುಮಾಸ್ತರೂ ಸಣ್ಣ ಅಂಗಡಿಯವರೂ ಇದ್ದರು. ಪ್ರವಚನಕ್ಕೆ ದಾಸಬೋಧವೇ ಆಧಾರ, ಭಾಷೆ ದಿನಬಳಕೆಯ ಮರಾಠಿ. ಶಿಷ್ಯರು ಕೂತಲ್ಲೇ ಬರೆದುಕೊಂಡ ಟಿಪ್ಪಣಿಗಳಿಂದ ‘ಅಧ್ಯಾತ್ಮಜ್ಞಾನಾಚಾ ಯೋಗೇಶ್ವರ’ ಎಂಬ ಮರಾಠಿ ಗ್ರಂಥ ಬಂತು. ಆ ಟಿಪ್ಪಣಿ ಬರೆದವರು ನಿಸರ್ಗದತ್ತರು. ಬೋಧಿಸಿದವರು ಪುಸ್ತಕ ಬರೆಯುವ ಗೋಜಿಗೆ ಹೋಗದೆ, ಕೇಳಿದವರೇ ಅದನ್ನು ಉಳಿಸಿಕೊಂಡದ್ದು ಈ ಪರಂಪರೆಯಲ್ಲಿ ಮತ್ತೆ ಮತ್ತೆ ನಡೆದಿದೆ. 1936ರ ನವೆಂಬರ್ 9ರಂದು ಸಿದ್ಧರಾಮೇಶ್ವರರು ಮುಂಬಯಿಯಲ್ಲೇ ತೀರಿಕೊಂಡರು. ಅವರ ಸಮಾಧಿ ವಾಲಕೇಶ್ವರದ ಬಾಣಗಂಗೆಯಲ್ಲಿದೆ.

ಸಿದ್ಧಗಿರಿಯ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಪರಂಪರೆಗೆ ಮೊದಲ ಉಪದೇಶ ಕೊಟ್ಟ ಅದೇ ಕಣೇರಿ ಮಠದ ಪೀಠಾಧಿಪತಿ ಮುಪ್ಪಿನ ಕಾಡಸಿದ್ಧೇಶ್ವರರು (1905–2001), ತಾವೇ ಒಂದು ಪೀಠದ ಒಡೆಯರಾಗಿದ್ದೂ, ಮಠವಾಗಲಿ ಪೀಠವಾಗಲಿ ಇಲ್ಲದ ಸಿದ್ಧರಾಮೇಶ್ವರರನ್ನು ಗುರುವೆಂದು ಒಪ್ಪಿಕೊಂಡರು.

ಖೇತವಾಡಿಯ ಅಟ್ಟ

ಮುಂದೆ ನಿಸರ್ಗದತ್ತ ಮಹಾರಾಜರೆಂದು ಹೆಸರಾದ ಮಾರುತಿ ಶಿವರಾಮಪಂತ ಕಾಂಬಳಿ 1897ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ಹುಟ್ಟಿ, ಕೊಂಕಣದ ಕಾಂದಳಗಾಂವದಲ್ಲಿ ದನ ಕಾಯುತ್ತ, ಹೊಲ ಉಳುತ್ತ ಬೆಳೆದರು. ತಂದೆ ಹೋದ ಮೇಲೆ ಹೊಟ್ಟೆಪಾಡಿಗೆ ಮತ್ತೆ ಮುಂಬಯಿ. ಗುಮಾಸ್ತಗಿರಿ ಬಹಳ ದಿನ ಒಗ್ಗಲಿಲ್ಲ. ಮಕ್ಕಳ ಬಟ್ಟೆ, ತಂಬಾಕು, ಕೈಯಲ್ಲಿ ಸುತ್ತಿದ ಬೀಡಿ ಮಾರುವ ಅಂಗಡಿ ತೆರೆದು, ಒಂದಕ್ಕೆ ಒಂದು ಸೇರಿಸುತ್ತ ಹೋದರು. 1924ರಲ್ಲಿ ಮದುವೆ. 1933ರಲ್ಲಿ ಗೆಳೆಯ ಯಶವಂತರಾವ್ ಬಾಗ್ಕರ್ ಕಾಂಬಳಿಯವರನ್ನು ಸಿದ್ಧರಾಮೇಶ್ವರರಲ್ಲಿಗೆ ಕರೆದೊಯ್ದರು. ಗುರು ನಾಮ ಕೊಟ್ಟು, ‘ನಾನು ಇದ್ದೇನೆ’ ಎಂಬ ಅರಿವನ್ನು ಬಿಡದೆ ಹಿಡಿದಿರಲು ಹೇಳಿದರು. ಗುರುವಿನ ಒಡನಾಟ ಸಿಕ್ಕದ್ದು ಮೂರು ವರ್ಷವೂ ತುಂಬಿಲ್ಲ. ಗುರು ಹೋದ ಮೇಲೆ ಎಲ್ಲ ಬಿಟ್ಟು ಉತ್ತರದ ಕಡೆ ನಡೆದವರನ್ನು ದಾರಿಯಲ್ಲಿ ಸಿಕ್ಕ ಗುರುಬಂಧುವೊಬ್ಬರು ಸಂಸಾರದಲ್ಲಿದ್ದೇ ವೈರಾಗ್ಯ ಸಾಧಿಸುವುದು ಹೆಚ್ಚಿನದೆಂದು ಹೇಳಿ ಹಿಂದಿರುಗಿಸಿದರು. 1938ರಲ್ಲಿ ಬಂದು ನೋಡಿದಾಗ ಉಳಿದಿದ್ದದ್ದು ಒಂದೇ ಅಂಗಡಿ. ಮನೆ ನಡೆಯಲು ಅಷ್ಟು ಸಾಕಾಯಿತು.

ಖೇತವಾಡಿಯ ಹತ್ತನೆಯ ಗಲ್ಲಿಯ ವನಮಾಳಿ ಭವನದಲ್ಲಿ ಅವರ ಮನೆ. ಮನೆಯೊಳಗಿನ ಕಡಿದಾದ ಏಣಿ ಹತ್ತಿದರೆ ಸಿಗುವ ಅಟ್ಟದ ಸಣ್ಣ ಕೋಣೆಯಲ್ಲಿ ಸತ್ಸಂಗ. ಗೋಡೆಗೆ ಗುರುಪರಂಪರೆಯ ಚಿತ್ರಗಳು. ದಿನವೂ ಅವುಗಳನ್ನು ಒರೆಸಿ ಕುಂಕುಮ ಹಚ್ಚುವುದು ಮಹಾರಾಜರದೇ ಕೆಲಸ. ಮಾತಾಡುತ್ತಲೇ ಬೀಡಿ ಹಚ್ಚುವರು. ಬಂದವರನ್ನು ಯಾರು ಕಳಿಸಿದರು, ಎಷ್ಟು ವರ್ಷದಿಂದ ಏನು ಸಾಧನೆ ಮಾಡುತ್ತಿದ್ದೀರಿ ಎಂದು ವಿಚಾರಿಸುವರು. ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸಲು ಹೊರಟವರಿಗೆ ಗದರಿಕೆ ಕಾದಿರುತ್ತಿತ್ತು. ಅವರ ಮರಾಠಿಯ ಏಟು ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದಿಷ್ಟು ಮೆತ್ತಗಾಗುತ್ತಿತ್ತೆಂದು ಎರಡೂ ಭಾಷೆ ಬಲ್ಲವರು ಹೇಳುತ್ತಿದ್ದರು.

ಈ ಗದರಿಕೆಯನ್ನು ಬರಿಯ ಕೋಪವೆಂದು ನೋಡಿದವರು ಒಂದೆರಡು ದಿನದಲ್ಲಿ ಜಾಗ ಖಾಲಿ ಮಾಡಿದರು. ಉಳಿದವರ ನೆನಪುಗಳಲ್ಲಿ ಬೇರೆಯೇ ಚಿತ್ರವಿದೆ. ಪರಊರಿನಿಂದ ಬಂದವರಿಗೆ ಉಳಿಯಲು ಜಾಗ ಸಿಕ್ಕಿತೇ ಎಂದು ಅವರೇ ಕೇಳುವರು, ಸಿಗದಿದ್ದರೆ ಪರಿಚಯದ ಭಕ್ತರ ಮನೆಗೆ ಹೇಳಿ ಕಳಿಸುವರು. ಹೀಗೆ ಕಾಳಜಿ ತೋರಿದ ಮನುಷ್ಯನೇ, ಎಂಟು ಹತ್ತು ದಿನ ಕಳೆಯುತ್ತಿದ್ದಂತೆ, ನೀವು ಕೇಳಬೇಕಾದ್ದು ಕೇಳಿದ್ದಾಯಿತು, ಹೊಸಬರಿಗೆ ಜಾಗ ಬಿಡಿ ಎಂದು ಹೊರಡಿಸುತ್ತಿದ್ದರು. ಕೋಣೆ ಸಣ್ಣದು ಎಂಬುದು ನಿಜವಾದ ಕಾರಣವೇ. ಆದರೆ ಶಿಷ್ಯರ ಸಂಖ್ಯೆ ಬೆಳೆಯಬೇಕು ಎಂಬ ಆಸೆಯಿದ್ದವರು ದೊಡ್ಡ ಹಾಲ್ ಹುಡುಕುತ್ತಾರೆ, ಅವರು ಹುಡುಕಲಿಲ್ಲ. ನಾನು ಶಿಷ್ಯರನ್ನು ಮಾಡುವುದಿಲ್ಲ, ಗುರುಗಳನ್ನೇ ಮಾಡುತ್ತೇನೆ ಎಂಬರ್ಥದ ಮಾತನ್ನು ಅವರು ಆಡುತ್ತಿದ್ದರೆಂದು ಹತ್ತಿರದವರು ನೆನೆಯುತ್ತಾರೆ. ಪ್ರವಚನಕ್ಕೆ ಕಾಸು ಪಡೆಯಲಿಲ್ಲ. 1966ರವರೆಗೆ ಅಂಗಡಿಯಲ್ಲಿ ಕೂತು, ಆಮೇಲೆ ವ್ಯಾಪಾರವನ್ನು ಮಗನ ಕೈಗೆ ಬಿಟ್ಟರು.

ಇನ್ನೊಂದು ಮುಖ ಭಜನೆಯದು. ಎಲ್ಲವೂ ಒಂದೇ, ಗುರುವೂ ನೀನೂ ಬೇರೆಯಲ್ಲ ಎಂದು ಬೆಳಗಿನ ಹೊತ್ತು ಖಂಡತುಂಡವಾಗಿ ಹೇಳಿದವರು ಸಂಜೆ ತಾಳ ಹಿಡಿದು, ವಯಸ್ಸು ಎಪ್ಪತ್ತು ದಾಟಿದ್ದರೂ, ಗುರುವಿನ ಚಿತ್ರದ ಮುಂದೆ ಕುಣಿಯುತ್ತಿದ್ದರು. ಇದೇನು ವಿರೋಧಾಭಾಸ ಎಂದು ಕೇಳಿದವರಿಗೆ ಅವರ ಉತ್ತರ ಸರಳ: ದಿನಕ್ಕೆ ನಾಲ್ಕು ಹೊತ್ತು ಭಜನೆ ಮಾಡೆಂದು ಗುರು ಅಪ್ಪಣೆ ಕೊಟ್ಟರು, ನಿಲ್ಲಿಸೆಂದು ಹೇಳುವ ಮೊದಲು ತೀರಿಕೊಂಡರು, ನನಗೆ ಬೇಕೋ ಬೇಡವೋ ಎಂಬ ಪ್ರಶ್ನೆ ಇಲ್ಲ, ನಡೆಯುತ್ತದೆ. ಗುರುವಿನ ಒಡೆತನ ಶಿಷ್ಯನ ಕಡೆಯಿಂದ ಹೇಗೆ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಹಿಡಿದುಕೊಳ್ಳುವ ಗುರು ಇಲ್ಲ. ಆದರೂ ನಲವತ್ತು ವರ್ಷ ಅಪ್ಪಣೆ ಉಳಿದಿದೆ. ಇದೇ ಭಜನೆಯನ್ನು ಹೊರದೇಶದಿಂದ ಬಂದವರ ಮೇಲೆ ಅವರು ಹೇರಲಿಲ್ಲ. ನೆರೆಹೊರೆಯ ಮರಾಠಿ ಮನೆಗಳವರು ಬಂದು ಕೇಳಿದರೆ ನಾಮ ಕೊಡುತ್ತಿದ್ದರು, ದೂರದಿಂದ ಬಂದವರು ಬಯಸಿದರೆ ಅವರಿಗೂ.

ಆ ಅಟ್ಟದ ಮಾತು ಹೊರಜಗತ್ತಿಗೆ ಮುಟ್ಟಲು ಕಾರಣರಾದ ಮಾರಿಸ್ ಫ್ರಿಡ್‌ಮನ್ (1901–1976) ಅವರಿಗೂ ಕರ್ನಾಟಕದ ನಂಟಿದೆ. ಪೋಲೆಂಡಿನ ಈ ಎಂಜಿನಿಯರ್ 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯ ಮುಖ್ಯಸ್ಥರಾಗಿದ್ದರು; ಔಂಧ್ ಸಂಸ್ಥಾನದಲ್ಲಿ ಗ್ರಾಮಸ್ವರಾಜ್ಯದ ಪ್ರಯೋಗಕ್ಕೂ ಗಾಂಧೀಜಿಯವರ ಜೊತೆ ಕೈಜೋಡಿಸಿದರು. ಟೇಪಿನಲ್ಲಿ ಹಿಡಿದ ಮರಾಠಿ ಸಂವಾದಗಳನ್ನು ಅವರು ಇಂಗ್ಲಿಷಿಗೆ ತಂದ ‘ಐ ಆಮ್ ದಟ್’ 1973ರಲ್ಲಿ ಮುಂಬಯಿಯ ಚೇತನಾ ಪ್ರಕಾಶನದಿಂದ ಹೊರಬಂತು. ಪ್ರಸಿದ್ಧಿ ಬಂದದ್ದು ಆಮೇಲೆ. 1976ರ ಮಾರ್ಚ್‌ನಲ್ಲಿ ಫ್ರಿಡ್‌ಮನ್ ಕೊನೆಯುಸಿರೆಳೆಯುವಾಗ ಮಹಾರಾಜರು ಹಾಸಿಗೆಯ ಪಕ್ಕದಲ್ಲಿದ್ದರು. ಮಹಾರಾಜರಿಗೇ ಗಂಟಲಿನ ಕ್ಯಾನ್ಸರ್ ಆದಾಗಲೂ ಮಾತು ನಿಲ್ಲಲಿಲ್ಲ, ವಾಕ್ಯಗಳು ಮಾತ್ರ ಚಿಕ್ಕವಾಗುತ್ತ ಬಂದವು. 1981ರ ಸೆಪ್ಟೆಂಬರ್ 8ರಂದು ತೀರಿಕೊಂಡರು.

ನಗರದ ಬೇರೆ ಮಾದರಿಗಳು

ಖೇತವಾಡಿಯಿಂದ ನಡೆದು ಹೋಗುವಷ್ಟು ಹತ್ತಿರ, ಮಾಧವಬಾಗದ ಪಾಠಶಾಲೆಯಲ್ಲಿ ಪಾಂಡುರಂಗ ಶಾಸ್ತ್ರಿ ಆಠವಲೆ ಗೀತೆಯ ಪ್ರವಚನ ಮಾಡುತ್ತಿದ್ದರು. ಅವರ ಸುತ್ತ ಸೇರಿದ ಸ್ವಾಧ್ಯಾಯ ಪರಿವಾರದವರು ಅವರನ್ನು ಕರೆದದ್ದು ದಾದಾ, ಅಂದರೆ ಅಣ್ಣ ಎಂದು. ಪೊವಾಯಿಯಲ್ಲಿ 1963ರಲ್ಲಿ ಸ್ವಾಮಿ ಚಿನ್ಮಯಾನಂದರು ತೆರೆದ ಸಾಂದೀಪನಿ ಗುರುಕುಲದ ರೀತಿ ಇನ್ನೊಂದು: ಶಿಷ್ಯರನ್ನು ವರ್ಷಗಟ್ಟಲೆ ಜೊತೆಯಲ್ಲಿಟ್ಟುಕೊಂಡು, ಊಟ ವಸತಿ ಕೊಟ್ಟು ಶಾಸ್ತ್ರ ಕಲಿಸಿ, ಆಮೇಲೆ ಊರೂರಿಗೆ ಕಳಿಸುವುದು.

ಮುಂಬಯಿ ಕನ್ನಡಿಗರ, ತುಳುವರ ಮನಸ್ಸಿಗೆ ಇವೆಲ್ಲಕ್ಕಿಂತ ಹತ್ತಿರದವರು ಗಣೇಶಪುರಿಯ ಭಗವಾನ್ ನಿತ್ಯಾನಂದರು. ಉಡುಪಿ ಹೋಟೆಲುಗಳ ಗಲ್ಲೆಯ ಹಿಂದೆ, ಮಾಲೆ ಹಾಕಿದ ಅವರ ಫೋಟೋ ನೋಡದೆ ಮುಂಬಯಿಯಲ್ಲಿ ಚಹಾ ಕುಡಿದವರು ಕಡಿಮೆ. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಗುಹೆಗಳ ಆಶ್ರಮ ಕಟ್ಟಿ, ಮಂಗಳೂರಿನಲ್ಲಿ ಓಡಾಡಿ, 1930ರ ದಶಕದಲ್ಲಿ ಠಾಣೆ ಜಿಲ್ಲೆಯ ವಜ್ರೇಶ್ವರಿ, ಗಣೇಶಪುರಿಯ ಬಿಸಿನೀರಿನ ಬುಗ್ಗೆಗಳ ಬಳಿ ನೆಲೆಸಿದವರು ಅವರು. ಮಂಗಳೂರಿನಲ್ಲಿ ಅವರಾಡಿದ ಮಾತುಗಳನ್ನು ತುಳಸಿಯಮ್ಮ ಎಂಬ ಭಕ್ತೆ ಕನ್ನಡದಲ್ಲಿ ಬರೆದಿಟ್ಟದ್ದೇ ‘ಚಿದಾಕಾಶ ಗೀತೆ’. ಆಮೇಲಿನ ವರ್ಷಗಳಲ್ಲಿ ಮಾತು ತೀರ ಕಡಿಮೆಯಾಯಿತು. ಬಂದ ಕಾಣಿಕೆ ಆ ಕಾಡಿನ ಮಕ್ಕಳ ಊಟಕ್ಕೆ ಹೋಗುತ್ತಿತ್ತು. ಗಣೇಶಪುರಿಯಲ್ಲಿ ಬಾಲಭೋಜನ ಈಗಲೂ ನಡೆಯುತ್ತದೆ.

ಆಕ್ಷೇಪಗಳು

ಗುರು ಶಿಷ್ಯನ ಹೊಣೆ ಹೊರುತ್ತಾನೆ ಎಂಬ ನಂಬಿಕೆಯೇ ದುರುಪಯೋಗಕ್ಕೂ ಬಾಗಿಲು. ನಿತ್ಯಾನಂದರ ಶಿಷ್ಯ, ಮಂಗಳೂರು ಸೀಮೆಯಲ್ಲಿ ಹುಟ್ಟಿದ ಸ್ವಾಮಿ ಮುಕ್ತಾನಂದರು (1908–1982) ಗಣೇಶಪುರಿಯಲ್ಲಿ ಕಟ್ಟಿದ ಸಂಸ್ಥೆ ಅಮೆರಿಕದವರೆಗೆ ಬೆಳೆಯಿತು. ಅವರು ತೀರಿಕೊಂಡ ಮರುವರ್ಷವೇ ಮಾಜಿ ಶಿಷ್ಯರ ಗಂಭೀರ ಆರೋಪಗಳು ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾದವು, ಸಂಸ್ಥೆ ಅವನ್ನು ಒಪ್ಪಲಿಲ್ಲ. ಉತ್ತರಾಧಿಕಾರಿಗಳಾಗಿ ನೇಮಿಸಿದ್ದ ಅಕ್ಕ ತಮ್ಮಂದಿರಲ್ಲಿ ತಮ್ಮ 1985ರಲ್ಲಿ ಪೀಠ ಬಿಟ್ಟರು, ಬಿಟ್ಟ ಬಗೆಯ ಬಗ್ಗೆ ಎರಡು ಕಡೆಯ ಕಥೆ ಎರಡು ಬಗೆ. ಸಂಸ್ಥೆ ದೊಡ್ಡದಾದಷ್ಟೂ ಗುರುವಿನ ಪ್ರೀತಿಯನ್ನೂ ಸಂಸ್ಥೆಯ ಹಿತವನ್ನೂ ಬೇರ್ಪಡಿಸಿ ನೋಡುವುದು ಶಿಷ್ಯರಿಗೇ ಕಷ್ಟವಾಗುತ್ತದೆ.

ಸಂಸ್ಥೆಯೇ ಇಲ್ಲದಿದ್ದರೆ ಎಲ್ಲ ಸರಿಯಾಗುತ್ತದೆಯೆ? ಹಾಗೂ ಇಲ್ಲ. ನಿಸರ್ಗದತ್ತರು ಪೀಠ ಬಿಟ್ಟುಹೋಗದ ಕಾರಣ, ಅವರ ಕೋಣೆಯಲ್ಲಿ ನಾಲ್ಕು ದಿನ ಕೂತವರೂ ಅವರ ಹೆಸರು ಹೇಳಿಕೊಂಡು ಗುರುಗಳಾದರು. ಹೌದು ಅಲ್ಲ ಎಂದು ಹೇಳಲು ಅಧಿಕಾರವುಳ್ಳ ಯಾರೂ ಇಲ್ಲ. ಅವರಿಗೆ ದುಭಾಷಿಯಾಗಿದ್ದ, ಬ್ಯಾಂಕ್ ಆಫ್ ಇಂಡಿಯಾದಲ್ಲಿ ಹಿರಿಯ ಹುದ್ದೆಯಿಂದ ನಿವೃತ್ತರಾದ ರಮೇಶ ಬಾಲ್ಸೇಕರ್ (1917–2009) ಗಾಂವದೇವಿಯ ತಮ್ಮ ಮನೆಯಲ್ಲಿ ವರ್ಷಗಟ್ಟಲೆ ಸತ್ಸಂಗ ನಡೆಸಿದರು. ಎಲ್ಲವೂ ಮೊದಲೇ ನಿಶ್ಚಿತ ಎಂಬ ಅವರ ಒತ್ತು ಗುರುವಿನದಲ್ಲ ಎಂದು ಹಳೆಯ ಶಿಷ್ಯರಲ್ಲಿ ಕೆಲವರು ಮುಖ ಸಿಂಡರಿಸಿದರು. ಸಿದ್ಧರಾಮೇಶ್ವರರ ಮೇಲೆ ಅವರ ಗುರುಬಂಧುಗಳು ಎತ್ತಿದ್ದ ತಕರಾರೂ ಇದೇ ಜಾತಿಯದು.

ಇಂದಿನ ಎಳೆಗಳು

ಕರ್ನಾಟಕದಲ್ಲಿ ಸಿದ್ಧರಾಮೇಶ್ವರರ ಎಳೆಯನ್ನು ಮುಂದುವರಿಸಿದವರು ವಿಜಯಪುರ ಜಿಲ್ಲೆಯ ಕನ್ನೂರಿನ ಗಣಪತರಾವ್ ಮಹಾರಾಜರು. ಅಲ್ಲಿಯ ಶಾಂತಿ ಕುಟೀರ ಅವರದು. ಇಂಚಗೇರಿ, ನಿಂಬಾಳ, ಕಣೇರಿಗಳಿಗೆ ಪುಣ್ಯತಿಥಿ, ಸಪ್ತಾಹಗಳ ಹೊತ್ತಿಗೆ ಎರಡೂ ರಾಜ್ಯಗಳ ಭಕ್ತರು ಬಂದು ಸೇರುತ್ತಾರೆ. ಕನ್ನಡದ ಪದ, ಮರಾಠಿಯ ಅಭಂಗ ಒಂದೇ ಭಜನೆಯಲ್ಲಿ ಬರುವುದು ಗಡಿನಾಡಿನ ಆ ಜನಕ್ಕೆ ವಿಶೇಷವೆಂದೂ ಅನಿಸುವುದಿಲ್ಲ.

ಮುಂಬಯಿಯಲ್ಲಿ ಸಿದ್ಧರಾಮೇಶ್ವರರ ನೇರ ಶಿಷ್ಯರಾಗಿ ಕೊನೆಯವರೆಗೆ ಉಳಿದವರು ರಣಜಿತ್ ಮಹಾರಾಜರು (1913–2000). ಹನ್ನೆರಡರ ವಯಸ್ಸಿನಲ್ಲಿ ಗುರುವನ್ನು ಕಂಡವರು. ಮದುವೆಯಾಗದೆ, ಒಂದು ಖೋಲಿಯಲ್ಲಿ ವಾಸಮಾಡಿಕೊಂಡು, ಲೆಕ್ಕ ಬರೆಯುವ ನೌಕರಿಯಲ್ಲಿ ದುಡಿದರು. ಬೋಧಿಸಲು ಆರಂಭಿಸಿದ್ದು 1983ರಲ್ಲಿ, ಗುರು ತೀರಿಹೋದ 47 ವರ್ಷಗಳ ಮೇಲೆ. ಯುರೋಪು, ಅಮೆರಿಕದವರು ಹುಡುಕಿಕೊಂಡು ಬಂದಾಗಲೂ ತನ್ನದೆಂದು ಹೇಳುವುದೇನೂ ಇಲ್ಲ, ಗುರು ಹೇಳಿದ್ದನ್ನೇ ಹೇಳುತ್ತಿದ್ದೇನೆ ಎನ್ನುತ್ತಿದ್ದರು. ಅವರ ಸಮಾಧಿಯೂ ಬಾಣಗಂಗೆಯಲ್ಲಿ, ಗುರುವಿನ ಸಮಾಧಿಯ ಬಳಿಯಲ್ಲೇ ಇದೆ.